ಬಾಣಂತಿ ಮನೆ ಎಂಬ ವಿಭಾಗ

ನನಗೆ ದಿಗಿಲು ಬೀಳಲು ದೊಡ್ಡ ಕಾರಣವೇನೂ ಬೇಕಾಗಿಲ್ಲ. ಫೋನು ಎರಡು ಸಲ ರಿಂಗಾಗಿ ನಿಂತುಹೋದರೆ ಸಾಕು, ಯಾರಿಗೋ ಏನೋ ಆಗಿದೆ ಎಂದು ನೆಂಟರಿಗೆಲ್ಲ ಫೋನ್ ಮಾಡಲು ಶುರು ಮಾಡುತ್ತೇನೆ. "ಚಿಂತೆ ಇಲ್ಲದ ದಿನ, ಯಾಕೆ ಚಿಂತೆ ಇಲ್ಲ ಅಂತ ಚಿಂತೆ ಮಾಡ್ತೀಯಲ್ಲ ಮಾರಾಯ್ತಿ" ಎಂದು ನನ್ನ ಗಂಡ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನನ್ನ ಸ್ವಭಾವ ನನಗೇ ಗೊತ್ತು, ತಿದ್ದಲು ಹೋಗಿ ಸುಸ್ತಾಗಿದ್ದೇನೆ.

ಇಂಥವಳ ಕೈಗೆ ಆಲೂರಿನ ನಮ್ಮ ಹೆಂಗಸರ ಸಂಘದವರು ಆನ್‌ಲೈನ್ ಅಂಗಡಿಯನ್ನು ಕೊಟ್ಟರು. ಸಂಘಕ್ಕೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಳಿಗೆ ಮೊದಲಿನಿಂದಲೂ ಇತ್ತು. ಕಾಫಿಪುಡಿ, ಮೆಣಸು, ಏಲಕ್ಕಿ, ಜೇನುತುಪ್ಪ, ಸಾರಿನಪುಡಿ, ಸೀಗೆಪುಡಿ, ಬಾಣಂತಿ ಖಾರ, ಕೂಸುಗಳಿಗೆ ರಾಗಿ ಸರಿ ಮಾಡುವ ಹಿಟ್ಟು, ಹೀಗೆ ಹೆಂಗಸರು ಮನೆಯಲ್ಲಿ ಮಾಡಿಕೊಡುವುದನ್ನೆಲ್ಲ ಅಲ್ಲಿ ಮಾರುತ್ತಿದ್ದೆವು. ದೂರದ ಊರಿನವರೂ ತರಿಸಿಕೊಳ್ಳಲಿ ಎಂದು ಹಾಸನದ ಒಬ್ಬರಿಂದ ಸೈಟು ಮಾಡಿಸಿದೆವು. ನನ್ನಷ್ಟೇ ವಯಸ್ಸಿನ ಗಂಡಸು, ಒಳ್ಳೆಯ ಮನುಷ್ಯ, ಆದರೆ ಅಡುಗೆಮನೆಗೆ ಕಾಲಿಟ್ಟವರಲ್ಲ. ಸಾಮಾನನ್ನೆಲ್ಲ ಪುಡಿಗಳು, ಕಾಳುಗಳು, ಹಿಟ್ಟುಗಳು, ದ್ರವಗಳು ಎಂದು ನಾಲ್ಕು ವಿಭಾಗ ಮಾಡಿ ಕೈತೊಳೆದುಕೊಂಡರು.

ಅದರ ಫಲ ಬೇಗನೆ ಕಾಣಿಸಿತು. ಸಕಲೇಶಪುರದ ಕಡೆಯ ಎಸ್ಟೇಟಿನ ಅಮ್ಮನವರೊಬ್ಬರು ಫೋನ್ ಮಾಡಿ ನನ್ನನ್ನು ತರಾಟೆಗೆ ತೆಗೆದುಕೊಂಡರು. "ಏನ್ರೀ, ಕಾಫಿಪುಡಿ ತಗೊಂಡ್ರೆ ಕೆಳಗೆ 'ಇದನ್ನೂ ಕೊಳ್ಳಿ' ಅಂತ ಸೀಗೆಪುಡಿ ತೋರಿಸ್ತೈತೆ. ಕಾಫಿ ಕುಡಿದು ತಲೆಗೆ ನೀರು ಹಾಕ್ಕೋಬೇಕೇನ್ರೀ?" ಎಂದರು. ಎರಡೂ ಪುಡಿ, ಎರಡೂ ಒಂದೇ ಬಣ್ಣದ ಪೊಟ್ಟಣ. ಸೈಟು ಪಾಪ ತನಗೆ ಹೇಳಿಕೊಟ್ಟದ್ದನ್ನು ಮಾಡುತ್ತಿತ್ತು. ನನಗೆ ನಗುವೂ ಬಂತು, ಮೈಯೂ ಉರಿಯಿತು.

ಆಮೇಲೆ ನಾನೇ ಮಳಿಗೆಯ ನೆಲದ ಮೇಲೆ ಎಲ್ಲ ಪೊಟ್ಟಣ ಹರಡಿಕೊಂಡು ಕೂತೆ. ಒಂದನ್ನು ಎತ್ತಿ ಇನ್ನೊಂದರ ಪಕ್ಕ ಇಡುವುದು, ಮತ್ತೆ ತೆಗೆಯುವುದು. ಹೀಗೆ ಇಡುತ್ತ ತೆಗೆಯುತ್ತ ಒಂದು ಸಂಗತಿ ಹೊಳೆಯಿತು. ನಮ್ಮ ಮಳಿಗೆಗೆ ಬರುವವರು ಸಾಮಾನಿನ ಹೆಸರು ಹೇಳುವುದೇ ಅಪರೂಪ. ಬಂದು ಸುದ್ದಿ ಹೇಳುತ್ತಾರೆ. "ನಮ್ ಸೊಸೆ ಹೆತ್ತವಳೆ" ಎನ್ನುತ್ತಾರೆ, ಅಷ್ಟೇ. ಮಳಿಗೆಯಲ್ಲಿ ಕೂತವಳು ಬಾಣಂತಿ ಖಾರ, ಶುಂಠಿಪುಡಿ, ಕೂಸಿಗೆ ಹಚ್ಚುವ ಕಡಲೆಹಿಟ್ಟು ಎಲ್ಲವನ್ನೂ ಕಟ್ಟಿಕೊಡುತ್ತಾಳೆ. "ಬೆಂಗ್ಳೂರಿಂದ ಬೀಗರು ಬತ್ತಾವ್ರೆ" ಎಂದರೆ ಬೇರೆ ಕಟ್ಟು. "ನಾಳೆಯಿಂದ ಕಾಫಿ ಹಣ್ಣು ಕುಯ್ಸಕ್ಕೆ ಆಳು ಬತ್ತಾರೆ" ಎಂದರೆ ಇನ್ನೊಂದು ಕಟ್ಟು. ಸೈಟಿನಲ್ಲೂ ಹಾಗೇ ಮಾಡಿದರೆ ಆಯಿತಲ್ಲ ಎಂದುಕೊಂಡೆ.

ಸೈಟಿನವರು ಒಪ್ಪಲಿಲ್ಲ. "ಮೇಡಂ, ಕೆಟಗರಿ ಅಂದ್ರೆ ವಸ್ತು. ಸುದ್ದಿ ಅಲ್ಲ" ಎಂದರು.

"ನಮ್ಮಲ್ಲಿ ಸುದ್ದೀನೇ ಕೆಟಗರಿ ಸ್ವಾಮಿ. ನೀವು ಹಾಕಿ" ಎಂದೆ.

ಹಾಕಿದರು. ದಿನದ ಅಡುಗೆ, ನೆಂಟರು ಬಂದಾಗ, ತೋಟದ ಊಟ, ದೇವರ ಮನೆ, ಬಾಣಂತಿ ಮನೆ ಎಂದು ವಿಭಾಗಗಳಾದವು. ಬಾಣಂತಿ ಮನೆಯ ಮೇಲೆ ನನಗೆ ವಿಶೇಷ ಮುತುವರ್ಜಿ. ಕೂಸು ಬೆಳೆದಂತೆ ಬೇಕಾಗುವುದೂ ಬದಲಾಗುತ್ತದಲ್ಲ, ಅದಕ್ಕೆ ಹೆರಿಗೆಯ ದಿನ ಬರೆದುಕೊಂಡು ತಿಂಗಳು ಎಣಿಸುವ ಹಾಗೆ ಮಾಡಿಸಿದೆ. ಮೊದಲ ತಿಂಗಳು ಬಾಣಂತಿಯ ಸಾಮಾನು, ಆಮೇಲೆ ಕೂಸಿನ ಸ್ನಾನದ ಹಿಟ್ಟು, ಬಜೆ, ಆರಕ್ಕೆ ರಾಗಿ ಸರಿ. ಜೊತೆಗೆ ಮೇಲೊಂದು ಸಾಲು, "ನಿಮ್ಮ ಕೂಸಿಗೆ ಈಗ ಇಷ್ಟು ತಿಂಗಳು" ಎಂದು. ಜನಕ್ಕೆ ಬಹಳ ಹಿಡಿಸಿತು. ಆರ್ಡರು ಹೆಚ್ಚಾದವು. ಸಂಘದ ಮೀಟಿಂಗಿನಲ್ಲಿ ಚಪ್ಪಾಳೆ ತಟ್ಟಿದರು, ನಾನೂ ಉಬ್ಬಿದೆ.

ಆಗ ನನ್ನ ತಂಗಿಗೆ ಏಳು ತಿಂಗಳು ತುಂಬಿತ್ತು. ಅವಳನ್ನು ಕೊಟ್ಟಿರುವುದು ಕೆ. ಹೊಸಕೋಟೆಯ ಹತ್ತಿರ, ಕಾಫಿ, ಮೆಣಸು ಇರುವ ಮನೆ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನಿಂತ ಬಸುರು. ಸೀಮಂತದ ದಿನ ಅವಳ ಫೋನಿನಲ್ಲಿ ನಾನೇ ನಮ್ಮ ಅಂಗಡಿಯ ಆ್ಯಪ್ ಹಾಕಿ, ಡಾಕ್ಟರು ಕೊಟ್ಟಿದ್ದ ಹೆರಿಗೆಯ ದಿನವನ್ನು ತುಂಬಿಕೊಟ್ಟೆ. "ನೋಡು, ಇನ್ಮೇಲೆ ಇದು ನಿನಗೆ ಎಲ್ಲ ನೆನಪು ಮಾಡ್ತದೆ" ಎಂದು ಜಂಬ ಕೊಚ್ಚಿಕೊಂಡೆ. ಅವಳು ನಕ್ಕಳು. ಕೈತುಂಬ ಹಸಿರು ಬಳೆ ಹಾಕಿಕೊಂಡಿದ್ದಳು.

ಡಾಕ್ಟರು ಹೇಳಿದ್ದಕ್ಕಿಂತ ಎರಡು ವಾರ ಮುಂಚೆಯೇ ನೋವು ಬಂತು. ಹೆಣ್ಣು ಕೂಸು. ಒಂದು ಹಗಲು ಇದ್ದು ಹೋಯಿತು. ಉಳಿಸುವುದು ಯಾರ ಕೈಯಲ್ಲೂ ಇರಲಿಲ್ಲ ಎಂದರು, ಇರಲಿಲ್ಲವೇನೋ. ತಂಗಿಯ ಗಂಡ ಮತ್ತು ಅವನ ಅಣ್ಣ ತೋಟದ ಅಂಚಿನಲ್ಲಿ ಮಣ್ಣು ಮಾಡಿ ಬಂದರು. ತೊಟ್ಟಿಲು ಹತ್ತದ ಕೂಸಿಗೆ ನಮ್ಮ ಕಡೆ ಹೆಸರಿಲ್ಲ, ತಿಥಿಯಿಲ್ಲ, ಮನೆಯ ಲೆಕ್ಕಕ್ಕೂ ಅದು ಬರುವುದಿಲ್ಲ. ತಂಗಿ ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಹಳೆಯ ಮೆತ್ತನೆ ಸೀರೆ ಹರಿದು ಮಾಡಿಟ್ಟಿದ್ದ ಬಟ್ಟೆಗಳು, ಕುಲಾವಿ ಎಲ್ಲವನ್ನೂ ಅಟ್ಟಕ್ಕೆ ಹಾಕಿದ್ದರು. ಅವಳ ಅತ್ತೆ, ಗಟ್ಟಿ ಹೆಂಗಸು, ನೋಡಲು ಬಂದವರಿಗೆಲ್ಲ ಹೊಸಿಲಲ್ಲೇ ಹೇಳುತ್ತಿದ್ದರು, "ಆ ಸುದ್ದಿ ಎತ್ತಬ್ಯಾಡಿ ಕಣ್ರವ್ವ. ಮರೀಲಿ."

ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ವಾರಕ್ಕೊಮ್ಮೆ ಫೋನ್ ಮಾಡಿ ಮೆಣಸು ಹೇಗಿದೆ, ಆನೆ ಬಂದಿತ್ತಾ, ಸೊಪ್ಪಿನಸಾರಿಗೆ ಏನು ಹಾಕಿದೆ ಎಂದು ಕೇಳುತ್ತಿದ್ದೆ. ಅವಳು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಳು. ಸುಧಾರಿಸಿಕೊಂಡಿದ್ದಾಳೆ ಎಂದು ನಮಗೆಲ್ಲ ಸಮಾಧಾನ.

ಮೆಣಸು ಒಣಗಿಸುವ ಕಾಲ ಬಂತು. ಒಂದು ಬೆಳಗ್ಗೆ ಮಳಿಗೆಗೆ ಒಬ್ಬಳು ಹುಡುಗಿ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. "ನನ್ ಮಗಂಗೆ ಆರ್ ತಿಂಗ್ಳಾತು ಅಂತ ನನಗಿಂತ ಮೊದ್ಲು ನಿಮ್ ಅಂಗಡೀನೇ ಹೇಳ್ತು ಕಣಕ್ಕ!" ಎಂದು ನಕ್ಕಳು. ನಾನೂ ನಗುತ್ತ ಕೂಸಿನ ಕೆನ್ನೆ ಹಿಂಡಿದೆ. ಹಿಂಡಿದ ಕೈ ಅಲ್ಲೇ ನಿಂತಿತು. ಅಯ್ಯೋ ಶಿವನೇ, ನನ್ನ ತಂಗಿಯ ಫೋನಿನಲ್ಲೂ ಇದೇ ಬಂದಿರುತ್ತದಲ್ಲ.

ಆ ಹುಡುಗಿ ಹೋದದ್ದೇ ತಡ, ಕಂಪ್ಯೂಟರಿನಲ್ಲಿ ತಂಗಿಯ ಖಾತೆ ತೆಗೆದೆ. ಇತ್ತು. ದೊಡ್ಡ ಅಕ್ಷರದಲ್ಲಿ, ಪಕ್ಕದಲ್ಲಿ ಒಂದು ತೊಟ್ಟಿಲಿನ ಚಿತ್ರದೊಂದಿಗೆ: "ನಿಮ್ಮ ಕೂಸಿಗೆ ಈಗ ಆರು ತಿಂಗಳು. ರಾಗಿ ಸರಿ ಶುರು ಮಾಡುವ ಹೊತ್ತು." ಇಡೀ ಊರು ಬಾಯಿಗೆ ಬೀಗ ಹಾಕಿಕೊಂಡಿದ್ದಾಗ ನನ್ನ ಅಂಗಡಿಯೊಂದೇ ಆ ಮನೆಗೆ ಹೋಗಿ ತಿಂಗಳು ತಿಂಗಳೂ ಆ ಮಾತನ್ನೇ ಆಡಿ ಬರುತ್ತಿತ್ತು. ಅವಳು ನೋಡಿದ್ದಾಳೋ ಇಲ್ಲವೋ ಗೊತ್ತಿಲ್ಲ. ನೋಡಿರಲಿಕ್ಕಿಲ್ಲ, ನೋಡಿದ್ದರೆ ಅತ್ತು ಕರೆದು ಫೋನ್ ಮಾಡುತ್ತಿದ್ದಳು ಎಂದುಕೊಂಡೆ. ಮಾಡುತ್ತಿದ್ದಳಾ? ಅವಳು ಮೊದಲಿನಿಂದಲೂ ಎಲ್ಲವನ್ನೂ ನುಂಗಿಕೊಳ್ಳುವವಳು. ಒಂದು ಸಲ ನೋಡಿದರೂ ಸಾಕು, ಅವಳು ಹಾಸಿಗೆ ಹಿಡಿಯುತ್ತಾಳೆ ಎನಿಸಿತು.

ಸೈಟಿನವರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಕಡೆಗೆ ಅವರ ಮನೆಗೆ ಮಾಡಿದರೆ ಅವರ ತಾಯಿ ಎತ್ತಿದರು. ರೈಲ್ವೆಯಲ್ಲಿರುವ ಅಣ್ಣನನ್ನು ನೋಡಲು ಎಡಕುಮೇರಿಗೆ ಹೋಗಿದ್ದಾರಂತೆ. "ಅಲ್ಲಿ ಕಾಡು ಬಿಟ್ರೆ ಏನೂ ಇಲ್ಲ ಕಣಮ್ಮ, ಫೋನು ಹತ್ತಲ್ಲ. ನಾಳೆ ಬಂದ್ಬುಡ್ತಾನೆ" ಎಂದರು. ನಾಳೆವರೆಗೆ ನನ್ನ ಜೀವ ತಡೆಯಬೇಕಲ್ಲ.

ಗಿರಾಕಿಗಳ ವಿವರ ತಿದ್ದುವ ಅಧಿಕಾರ ನನಗಿರಲಿಲ್ಲ. ಅದನ್ನು ಅವರು ಮಾಡಬೇಕು, ಇಲ್ಲವೇ ಗಿರಾಕಿಯೇ ತನ್ನ ಫೋನಿನಲ್ಲಿ ಮಾಡಬೇಕು. ಸಾಮಾನನ್ನು ಒಂದು ವಿಭಾಗದಿಂದ ಇನ್ನೊಂದಕ್ಕೆ ಹಾಕುವುದಷ್ಟೇ ನನ್ನ ಕೈಲಿತ್ತು. ಸರಿ, ಅದನ್ನೇ ಮಾಡುತ್ತೇನೆ ಎಂದು ಬಾಣಂತಿ ಮನೆಯಿಂದ ರಾಗಿ ಸರಿಯ ಹಿಟ್ಟನ್ನು ಎತ್ತಿ ದಿನದ ಅಡುಗೆಗೆ ಹಾಕಿದೆ. ತಂಗಿಯ ಪುಟದಲ್ಲಿ ಆ ಜಾಗಕ್ಕೆ ಕೂಸಿನ ಸ್ನಾನದ ಹಿಟ್ಟು ಬಂದು ಕೂತಿತು. ಅದನ್ನು ತೆಗೆದೆ, ಬಜೆ ಬಂತು. ಬಜೆ ತೆಗೆದೆ, ಕೂಸಿನ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಬಂತು. ಎಷ್ಟು ಕಿತ್ತರೂ ಅದರ ಬುಡದಿಂದ ಇನ್ನೊಂದು ಕೂಸಿನ ಸಾಮಾನು ಮೇಲೆ ಬರುತ್ತಿತ್ತು. ಇಷ್ಟು ಅಚ್ಚುಕಟ್ಟಾಗಿ ಜೋಡಿಸಿದವಳು ನಾನೇ ತಾನೆ. ಅಷ್ಟರಲ್ಲಿ ಯಾರೋ ಫೋನ್ ಮಾಡಿ, "ರಾಗಿ ಸರಿ ಕಾಣ್ತಾನೇ ಇಲ್ವಲ್ರೀ, ಖಾಲಿಯಾಗೈತಾ?" ಎಂದು ಕೇಳಿದರು. ಎಲ್ಲವನ್ನೂ ಇದ್ದ ಹಾಗೇ ವಾಪಸ್ಸು ಹಾಕಿದೆ. ಮೇಲಿನ ಸಾಲು ಅಲ್ಲಾಡದೆ ಹಾಗೇ ಇತ್ತು.

ಫೋನ್ ಮಾಡಿ ಆ್ಯಪ್ ತೆಗೆದುಹಾಕು ಎನ್ನೋಣವೆಂದರೆ, ಯಾಕೆ ಎಂದು ತೆಗೆದು ನೋಡಿಯೇ ನೋಡುತ್ತಾಳೆ. ಅವಳು ಫೋನು ಕೈಗೆತ್ತಿಕೊಳ್ಳುವುದೇ ನನಗೆ ಬೇಡವಾಗಿತ್ತು. ಮಳಿಗೆಯನ್ನು ಪಕ್ಕದವಳಿಗೆ ವಹಿಸಿ ಕೆ. ಹೊಸಕೋಟೆಯ ಬಸ್ಸು ಹತ್ತಿದೆ.

ಬಸ್ಸು ಒಂದೊಂದು ಕೈಮರಕ್ಕೂ ನಿಲ್ಲುತ್ತಿತ್ತು. ನಿಂತಾಗಲೆಲ್ಲ ನನಗೆ ಕಂಡಕ್ಟರ್ ಮೇಲೆ ಸಿಟ್ಟು. ಈಗ ತಂಗಿ ಊಟ ಮುಗಿಸಿ ಒಂದು ಗಳಿಗೆ ಕೂತಿರುತ್ತಾಳೆ, ಕೂತವಳು ಸುಮ್ಮನೆ ಫೋನು ತೆಗೆದಿರುತ್ತಾಳೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಕೋಳಿಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ನನ್ನ ಮುಖ ನೋಡಿ, "ಯಾಕವ್ವ, ಆಸ್ಪತ್ರೇಲಿ ಯಾರಾದ್ರೂ ಅವ್ರಾ?" ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದೆ. ಏನೆಂದು ಹೇಳಲಿ, ಅಂಗಡಿಯ ವಿಭಾಗ ಸರಿಮಾಡಲು ಹೋಗುತ್ತಿದ್ದೇನೆ ಎಂದು ಹೇಳಲೇ?

ಮನೆ ಮುಟ್ಟಿದಾಗ ತಂಗಿ ಕಣದಲ್ಲಿ ಹರವಿದ್ದ ಮೆಣಸನ್ನು ಕಾಲಿನಲ್ಲಿ ತಿರುವುತ್ತಿದ್ದಳು. ಅವಳ ಅತ್ತೆ ನೆರಳಲ್ಲಿ ಕೂತು ಗೊಂಚಲಿನ ಕಡ್ಡಿ ಆರಿಸುತ್ತಿದ್ದರು. "ಬಾರವ್ವ, ಏನು ಹೇಳ್ದೆ ಕೇಳ್ದೆ ಬಂದ್ಬುಟ್ಟೆ?" ಎಂದರು. ಆಲೂರಿನಲ್ಲಿ ಹೊತ್ತು ಹೋಗಲಿಲ್ಲ ಎಂದೆ. ಅದು ಯಾರೂ ನಂಬುವ ಮಾತಾಗಿರಲಿಲ್ಲ. ತಂಗಿ ನನ್ನನ್ನೇ ನೋಡಿದಳು. ಸ್ವಲ್ಪ ಇಳಿದುಹೋಗಿದ್ದಳು, ಆದರೆ ಕಣ್ಣು ಅತ್ತಂತೆ ಕಾಣಲಿಲ್ಲ. ಇನ್ನೂ ನೋಡಿಲ್ಲ, ದೇವರು ದೊಡ್ಡವನು ಎಂದುಕೊಂಡೆ.

ಒಳಗೆ ಹೋದ ತಕ್ಷಣ, "ನಿನ್ ಫೋನ್ ಕೊಡೆ, ನಂದ್ರಲ್ಲಿ ಚಾರ್ಜಿಲ್ಲ. ಮನೆಗೆ ಒಂದು ಮಾತು ಹೇಳ್ಬೇಕು" ಎಂದೆ. ಕಿಟಕಿಯ ಮೇಲಿದ್ದದ್ದನ್ನು ಕೊಟ್ಟು ಕಾಫಿ ಕಾಯಿಸಲು ಹೋದಳು. ಬೆನ್ನು ತಿರುಗಿಸಿ ನಿಂತು ಆ್ಯಪ್ ಒತ್ತಿದೆ. ತೆರೆದದ್ದೇ ಆ ಪುಟ. ಕೂಸಿನ ವಿವರ ಎಂಬಲ್ಲಿಗೆ ಹೋಗಿ ಅಳಿಸು ಎಂಬುದನ್ನು ಒತ್ತಿದೆ. "ಖಚಿತವೇ?" ಎಂದು ಕೇಳಿತು. ಅದು ಕೇಳಿ ಮುಗಿಸುವುದರೊಳಗೆ ಹೌದು ಎಂದು ಒತ್ತಿದೆ. ತೊಟ್ಟಿಲು ಹೋಯಿತು, ಸಾಲು ಹೋಯಿತು. ಅಲ್ಲಿ ಈಗ ಸಾರಿನಪುಡಿ, ಕಾಫಿಪುಡಿ, ಜೇನುತುಪ್ಪ. ಉಸ್ಸಪ್ಪಾ ಎಂದು ಕುರ್ಚಿಯಲ್ಲಿ ಕುಸಿದೆ.

ಕಾಫಿ ಬಂತು. ನನಗೆ ಹಗುರವಾಗಿ ಬಾಯಿ ತಡೆಯಲಾಗಲಿಲ್ಲ. ಬಸ್ಸಿನ ಅಜ್ಜಿ, ಅವಳ ಕೋಳಿ, ಸೀಗೆಪುಡಿಯ ಅಮ್ಮನವರು, ಎಲ್ಲವನ್ನೂ ಹೇಳಿ ನಗಿಸಿದೆ. ಅವಳೂ ನಕ್ಕಳು. ನಗುತ್ತಲೇ ಫೋನನ್ನು ಎತ್ತಿಕೊಂಡಳು. ಒತ್ತಿದಳು, ನೋಡಿದಳು. ಮುಚ್ಚಿ ಮತ್ತೆ ತೆಗೆದಳು. ಬೆರಳಿನಲ್ಲಿ ಮೇಲಕ್ಕೂ ಕೆಳಕ್ಕೂ ತಳ್ಳಿ ಹುಡುಕಿದಳು. ನಾನು ಲೋಟ ಕೆಳಗಿಟ್ಟೆ.

"ಅಕ್ಕ, ಇಲ್ಲಿತ್ತಲ್ಲ. ನೀನೇನಾರ ಮಾಡಿದ್ಯಾ?"

"ಎಲ್ಲಿ? ಏನು?"

"ಸುಳ್ಳು ಹೇಳಬ್ಯಾಡ ಕಣಕ್ಕ. ಇವತ್ತು ಬೆಳಗ್ಗೆನೂ ನೋಡಿದ್ದೆ. ಆರು ತಿಂಗಳು ಅಂತ ಇತ್ತು."

ಬೆಳಗ್ಗೆನೂ ಎಂದಳು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ನೀನು ನೋಡಿ ನೊಂದುಕೊಳ್ಳುತ್ತೀಯ ಎಂದು ಓಡಿಬಂದೆ, ತೆಗೆದೆ, ನನ್ನದೇ ಎಡವಟ್ಟು, ಮೊದಲೇ ತೆಗೆಯಬೇಕಿತ್ತು ಎಂದೆ. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳುತ್ತಿದ್ದಳು.

"ದಿನಾ ನೋಡ್ತಿದ್ದೆ ಕಣಕ್ಕ" ಎಂದಳು. "ಮೊದಲನೇ ಸಲ ಬಂದಾಗ ಎದೆ ಒಡ್ದೋದಂಗಾತು. ಆಮೇಲೆ ಕಾಯ್ಕಂಡು ಕೂರಂಗಾಯ್ತು. ಮೂರು ತಿಂಗಳು ಅಂದಾಗ, ಈಗ ಮಗ್ಗುಲು ಹಾಕ್ತಿತ್ತು ಅಂದ್ಕಂಡೆ. ಈಗ ಕೂರೋ ಹೊತ್ತು. ನೀವೆಲ್ಲ ನಾನು ಹೆತ್ತೇ ಇಲ್ಲ ಅನ್ನಂಗೆ ಮಾಡ್ಬುಟ್ರಿ. ಮೆಣಸು ಹೆಂಗೈತೆ, ಸಾರು ಏನು ಅಂತ ಕೇಳ್ತೀರ. ನನ್ನ ಕೂಸಿಗೆ ಎಷ್ಟು ತಿಂಗಳು ಅಂತ ಹೇಳ್ತಿದ್ದಿದ್ದು ಇದೊಂದೇ. ಅದನ್ನೂ ಅಳಿಸ್ಬುಟ್ಟೆಯಲ್ಲ."

ಅವಳ ದನಿ ಏರಿತ್ತು. ಹೊರಗೆ ಅವಳ ಅತ್ತೆ ಕೂತಿದ್ದಾರೆ ಎಂದು ನನಗೆ ಹೊಸ ಹೆದರಿಕೆ. "ಮೆಲ್ಲಗೆ ಮಾತಾಡೆ, ಕೇಳುಸ್ತದೆ" ಎಂದೆ.

"ಯಾಕೆ ಮೆಲ್ಲಗೆ? ಕೇಳ್ಲಿ" ಎಂದಳು.

ಹೊಸಿಲಲ್ಲಿ ಅವಳ ಅತ್ತೆ ಬಂದು ನಿಂತೇ ಇದ್ದರು. ಮೊಣಕೈವರೆಗೆ ಮೆಣಸಿನ ಧೂಳು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಆಯಿತು, ಇನ್ನು ರಾದ್ಧಾಂತವಾಗುತ್ತದೆ, ನನ್ನಿಂದ ಈ ಮನೆಯಲ್ಲಿ ಅತ್ತೆ ಸೊಸೆಗೆ ಮಾತು ಬೆಳೆಯುತ್ತದೆ ಎಂದು ನಾನು ಎದ್ದು ನಿಂತೆ. ಅವರು ನನ್ನ ಕಡೆ ನೋಡಲಿಲ್ಲ. ಒಳಗೆ ಬಂದು ಗೋಡೆಗೆ ಒರಗಿ ನೆಲದ ಮೇಲೆ ಕೂತರು.

ತಂಗಿ ಫೋನನ್ನು ನನ್ನ ಕೈಗಿಟ್ಟಳು. "ವಾಪಸ್ ಹಾಕ್ಕೊಡು."

ಹಾಕಲು ಕೂತೆ. ಹೆರಿಗೆಯ ದಿನ ಕೇಳಿತು. ಸೀಮಂತದ ದಿನ ತುಂಬಿದ್ದನ್ನೇ ನೆನಪಿನಿಂದ ತುಂಬಲು ಹೋದೆ.

"ಅದಲ್ಲ. ಅದು ಡಾಕ್ಟರು ಕೊಟ್ಟಿದ್ದು. ಹುಟ್ಟಿದ ದಿನ ಹಾಕು" ಎಂದು ಅವಳು ತಾರೀಖು ಹೇಳಿದಳು, ಹೊತ್ತನ್ನೂ ಹೇಳಿದಳು. ಆ ಮನೆಯಲ್ಲಿ ಆ ದಿನವನ್ನು ಯಾರೂ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿರಲಿಲ್ಲ. ನಾನು ಅತ್ತೆಯ ಕಡೆ ನೋಡಲು ಧೈರ್ಯ ಸಾಲದೆ ತಲೆ ಬಗ್ಗಿಸಿಕೊಂಡು ಒತ್ತಿದೆ.

ತಾರೀಖು ಹಿಂದಿನದಾದ್ದರಿಂದ, ಕೂಸು ಹುಟ್ಟಿ ಆಗಿದೆ ಎಂದು ತಿಳಿದು ಸೈಟು ಇನ್ನೊಂದು ಪ್ರಶ್ನೆ ಕೇಳಿತು. ಕೂಸಿನ ಹೆಸರು. ನಾನು ಗಡಿಬಿಡಿಯಲ್ಲಿ "ಇದು ಬ್ಯಾಡ ಬುಡು, ಇಲ್ದಿದ್ರೂ ನಡೀತದೆ" ಎಂದು ಮುಂದಕ್ಕೆ ಒತ್ತಲು ಹೋದೆ.

"ಏನದು?" ಎಂದರು ಅತ್ತೆ.

ತಂಗಿ ತಲೆಯೆತ್ತದೆ, "ಹೆಸರು ಕೇಳ್ತೈತೆ ಅತ್ತೆ" ಎಂದಳು.

ಅವರು ಕೈಯ ಧೂಳನ್ನು ಸೆರಗಿಗೆ ಒರೆಸಿಕೊಂಡರು, ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡರು. ಆಮೇಲೆ, "ಹೆಣ್ಣಾದ್ರೆ ನಮ್ಮತ್ತೆ ಹೆಸರು ಇಡಬೇಕು ಅಂತ ನಾನು ಸೀಮಂತದಾಗೇ ಮನಸ್ಸಲ್ಲಿ ಮಾಡ್ಕಂಡಿದ್ದೆ ಕಣವ್ವ" ಎಂದು ಆ ಹೆಸರನ್ನು ಹೇಳಿದರು. ನನಗೆ ಸರಿಯಾಗಿ ಕೇಳಿಸಲಿಲ್ಲವೆಂದು ಅವರೇ ತಿಳಿದುಕೊಂಡು, ಇನ್ನೊಮ್ಮೆ ಬಿಡಿಸಿ ಹೇಳಿದರು.

ನಾನು ಅಕ್ಷರ ಅಕ್ಷರವಾಗಿ ಹೊಡೆದೆ. ಪುಟ ತೆರೆಯಿತು. ಆ ಹೆಸರು ಹೇಳಿ, ಅವಳಿಗೆ ಈಗ ಆರು ತಿಂಗಳು ತುಂಬಿದೆ ಎಂದಿತು. ತಂಗಿ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಹೋಗಿ ಅತ್ತೆಯ ಪಕ್ಕ ನೆಲದ ಮೇಲೆ ಕೂತಳು. ಅವರಿಗೆ ಓದಲು ಬರುವುದಿಲ್ಲ, ಅದಕ್ಕೆ ಅವಳೇ ಗಟ್ಟಿಯಾಗಿ ಓದಿ ಹೇಳಿದಳು.